ವಾಟಿಯ ಮಡ್‌ಗಾರ್ಡು

ಸ್ಕಾಟ್ಲೆಂಡಿನ ನಮ್ಮ ಟ್ವೀಡ್ ಕಣಿವೆಯಲ್ಲಿ ಗುಡ್ಡ ಹತ್ತಿ ಸೈಕಲ್ ತುಳಿಯುವವರ ಮಾತನ್ನು ಯಾರೂ ನಂಬುವುದಿಲ್ಲ, ಬೆನ್ನನ್ನು ನಂಬುತ್ತಾರೆ. ಹಿಂದಿನ ಗಾಲಿ ಎರಚಿದ ಕೆಸರು ಸೊಂಟದಿಂದ ಕುತ್ತಿಗೆಯವರೆಗೆ ಪಟ್ಟಿ ಎಳೆದಿದ್ದರೆ ನೀವು ಕಾಡಿನ ದಾರಿಯಲ್ಲಿ ಬಂದವರು. ಇಲ್ಲವಾದರೆ ಡಾಂಬರು ರಸ್ತೆಯಲ್ಲಿ. ಈ ಲೆಕ್ಕದಲ್ಲಿ ನಮ್ಮ ಭಾನುವಾರದ ಗುಂಪಿನಲ್ಲಿ ಬೇಲಿ ಕಟ್ಟುವ ವಾಟಿ ಕ್ರಾನ್‌ಸ್ಟನ್‌ಗಿಂತ ಸತ್ಯವಂತ ಇರಲಿಲ್ಲ. ಅವನ ಪಟ್ಟಿ ಹೆಲ್ಮೆಟ್ಟನ್ನೂ ದಾಟಿ ಹಣೆಗೆ ಇಳಿಯುತ್ತಿತ್ತು.

ಐವತ್ತು ದಾಟಿದ ವಾಟಿ ವಾರವಿಡೀ ಕುರಿಗಳೊಡನೆ ಮಾತಾಡುತ್ತಿದ್ದ. ಮನುಷ್ಯರ ಮುಂದೆ, ಅದರಲ್ಲೂ ಎಫಿಯ ಮುಂದೆ, ಮಾತು ಹೊರಡುತ್ತಿರಲಿಲ್ಲ. ರೈಲು ಬರುವುದು ನಿಂತುಹೋದ ನಿಲ್ದಾಣದಲ್ಲಿ ಎಫಿ ಚಹಾದಂಗಡಿ ನಡೆಸುತ್ತಾಳೆ. ಸವಾರಿ ಮುಗಿಸಿ ಬಂದ ನಮ್ಮನ್ನು ಬಾಗಿಲಲ್ಲೇ ತಡೆದು, ಗೋಡೆಗೆ ಮುಖಮಾಡಿ ಸಾಲಾಗಿ ನಿಲ್ಲಿಸಿ, ಅಂಗಳದ ಒರಟು ಪೊರಕೆಯಿಂದ ಬೆನ್ನು ಗುಡಿಸಿ ಒಳಗೆ ಬಿಡುತ್ತಿದ್ದಳು. ವಾಟಿಯ ಬೆನ್ನಿಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅಷ್ಟೂ ಹೊತ್ತು ಅವನು ಕಣ್ಣು ಮುಚ್ಚಿ ನಿಂತಿರುತ್ತಿದ್ದ. ಕಣ್ಣಿಗೆ ಕೆಸರು ಬಿದ್ದಿರಬೇಕೆಂದು ನಾವು ತಿಳಿದಿದ್ದೆವು.

ಆ ಶರತ್ಕಾಲ ಎಫಿ ಒಲೆಯ ಪಕ್ಕಕ್ಕೆ ಕೆನೆಬಣ್ಣದ ಮೆತ್ತೆಯ ಬೆಂಚೊಂದನ್ನು ತಂದಿಟ್ಟಳು. ಅದರ ಮೇಲೆ ಕೆಸರು ಸೋಕದ ಬೆನ್ನು ಮಾತ್ರ ಕೂರಬಹುದು, ಗುಡಿಸಿದ ಬೆನ್ನಿಗೂ ಅಲ್ಲಿ ಜಾಗವಿಲ್ಲ ಎಂದು ಸಾರಿದಳು. ಅಲ್ಲಿ ಕೂತರೆ ಹಿಟ್ಟು ನಾದುವ ಎಫಿ ಕೈಗೆಟುಕುವಷ್ಟು ಹತ್ತಿರ. ವಾಟಿಗೆ ಆ ಬೆಂಚು ಬೇಕೆನಿಸಿತು. ಹಾಗಾಗಿ ಮಡ್‌ಗಾರ್ಡಿನ ಹುಡುಕಾಟ ಶುರುವಾಯಿತು.

ಮೊದಲು ತಂದದ್ದು ಮುಂದಿನ ಗಾಲಿಗೆ ಕಟ್ಟುವ ಅಂಗೈಯಗಲದ್ದು. ಅದು ಕಣ್ಣಿಗೆ ಕೆಸರು ಬೀಳದಂತೆ ಕಾಪಾಡಿತು. ವರ್ಷಗಟ್ಟಲೆ ಇಳಿದಿದ್ದ ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು ಅಂದು ಮೊದಲ ಸಲ ಕಂಡು, ಹೆದರಿ ಬಿದ್ದ. ಎರಡನೆಯದು ಸೀಟಿನ ಕೆಳಗೆ ಸಿಕ್ಕಿಸುವ ಉದ್ದದ್ದು. ಸೈಕಲ್ ಕುಲುಕಿದಾಗಲೆಲ್ಲ ಅದು ಪಕ್ಕಕ್ಕೆ ತಿರುಗಿ, ಜೊತೆಯಲ್ಲಿ ಬರುತ್ತಿದ್ದ ಮಾಂಸದಂಗಡಿಯ ಆರ್ಚಿಯ ಎದೆಗೆ ಕೆಸರು ಹೊಡೆಯಿತು. ಎದೆಗೂ ಬೆನ್ನಿಗೂ ಪಟ್ಟಿ ಹೊತ್ತ ಆರ್ಚಿ, ಹೋಗುತ್ತಿರುವವನೋ ಬರುತ್ತಿರುವವನೋ ತಿಳಿಯದಂತೆ ಕಾಣುತ್ತಿದ್ದ. ಮೂರನೆಯದು ಪೇಟೆಯ ಸೈಕಲ್ಲಿನಂತೆ ಗಾಲಿಗೆ ಅಂಟಿಕೊಂಡ ಚೆಂದದ ಮಡ್‌ಗಾರ್ಡು. ಟೈರಿನ ದಪ್ಪ ಹಲ್ಲುಗಳ ನಡುವೆ ಕಪ್ಪು ಮಣ್ಣೂ ಪೈನ್ ಎಲೆಯೂ ಮೆತ್ತಿಕೊಂಡು, ನಡುಗುಡ್ಡದಲ್ಲಿ ಗಾಲಿ ನಿಂತೇಹೋಯಿತು. ಸೈಕಲ್ಲನ್ನು ಬೆನ್ನ ಮೇಲೆ ಹೊತ್ತು ಇಳಿದ. ಅಂದಿನಷ್ಟು ಕೆಸರು ಅವನ ಬೆನ್ನು ಹಿಂದೆಂದೂ ಕಂಡಿರಲಿಲ್ಲ.

ಕೊನೆಗೆ ತಾನೇ ಮಾಡಿಕೊಂಡ. ಕುರಿಗಳಿಗೆ ನೆಕ್ಕಲು ಬೆಲ್ಲದ ಪಾಕದಂಥ ಕಾಕಂಬಿ ತುಂಬಿಡುವ ಪ್ಲಾಸ್ಟಿಕ್ ತೊಟ್ಟಿಯೊಂದನ್ನು ಕೊಯ್ದು, ಟೈರಿನಿಂದ ಮೂರು ಬೆರಳು ಮೇಲಕ್ಕೆ ಬಾಗಿಸಿ ಕಟ್ಟಿದ. ಅಗಲ, ಉದ್ದ, ಮಣ್ಣು ಜಾರಿಹೋಗಲು ಜಾಗ, ಎಲ್ಲ ಸರಿಯಾಗಿತ್ತು. ತೊಳೆಯುವುದೊಂದನ್ನು ಮರೆತಿದ್ದ.

ಆ ಭಾನುವಾರ ಮಳೆ ಸುರಿಯುತ್ತಿತ್ತು. ನಾವು ಗೋಡೆಗೆ ಮುಖಮಾಡಿ ನಿಂತಿದ್ದಾಗ ವಾಟಿ ಬಂದ, ಹಿಂದೆ ಅರ್ಧ ಗುಡ್ಡದ ಕುರಿಗಳು. ನಿಂತ ಕೂಡಲೇ ಅವು ಸರದಿಯ ಮೇಲೆ ಮಡ್‌ಗಾರ್ಡು ನೆಕ್ಕತೊಡಗಿದವು. ಅವನ ಬೆನ್ನು ಮಾತ್ರ ಮಳೆಯಲ್ಲಿ ಒಗೆದು ತೆಗೆದಂತೆ ಸ್ವಚ್ಛವಾಗಿತ್ತು.

ಆರ್ಚಿ ತಿರುಗಿ ನೋಡಿದ. "ನೀನು ಗುಡ್ಡ ಹತ್ತಿಲ್ಲ ಮಾರಾಯ. ರಸ್ತೇಲಿ ಬಂದಿದೀಯ."

"ಕುರಿಗಳನ್ನ ಕೇಳು," ಎಂದ ವಾಟಿ.

"ಕುರಿ ರಸ್ತೇಲೂ ಸಿಗ್ತವೆ."

ಎಫಿ ಅವನ ಸುತ್ತ ಒಂದು ಸುತ್ತು ಬಂದು ನೋಡಿದಳು. ಎತ್ತಿದ ಪೊರಕೆ ಇಳಿಸಿ, ಒಳಗೆ ಹೋಗಿ ಕೂರಲು ಹೇಳಿದಳು.

ವಾಟಿ ಬೆಂಚಿನ ಮೇಲೆ ಕೂತ. ಒಲೆ ಬೆಚ್ಚಗಿತ್ತು, ಮೆತ್ತೆ ಮೆತ್ತಗಿತ್ತು. ಆದರೆ ನಾದುವ ಮಣೆಯ ಹಿಂದೆ ಯಾರೂ ಇರಲಿಲ್ಲ. ಎಫಿ ಹೊರಗೆ ಮಳೆಯಲ್ಲಿ ಬೈಯುತ್ತ, ನಗುತ್ತ ನಮ್ಮ ಬೆನ್ನು ಗುಡಿಸುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಅವನ ಮುಖ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಇಲ್ಲವಾಯಿತು. ಬಾಗಿಲು ತೆರೆದೇ ಬಿಟ್ಟು ಹೊರಗೆ ಬಂದು ಸಾಲಿನ ಕೊನೆಯಲ್ಲಿ ಗೋಡೆಗೆ ಮುಖಮಾಡಿ ನಿಂತ.

"ನಿನ್ನ ಬೆನ್ನಲ್ಲಿ ಏನಿದೆ ಗುಡಿಸೋಕೆ?" ಎಂದಳು ಎಫಿ.

ವಾಟಿ ಗೋಡೆಗೇ ಹೇಳಿದ. "ಒಳಗೆ ನೀನಿಲ್ಲ ಕಣೇ."

ನಾವೆಲ್ಲ ಇಟ್ಟಿಗೆಗಳನ್ನು ಬಹಳ ಗಮನವಿಟ್ಟು ನೋಡಿದೆವು. ಕುರಿಗಳು ನೆಕ್ಕುತ್ತಲೇ ಇದ್ದವು. ಎಫಿ ಮೂಲೆಯಲ್ಲಿದ್ದ ಇನ್ನೊಂದು ಪೊರಕೆ ತಂದು ಅವನ ಕೈಗಿಟ್ಟಳು.

"ಹಂಗಾದ್ರೆ ಆ ತುದಿಯಿಂದ ಶುರು ಮಾಡು. ಆರ್ಚಿ ಬೆನ್ನು ನನ್ನೊಬ್ಬಳ ಕೈಲಾಗಲ್ಲ. ಎಷ್ಟಗಲ ಇದೆ ನೋಡು."

ಅವನು ಆ ತುದಿಯಿಂದ, ಅವಳು ಈ ತುದಿಯಿಂದ ಗುಡಿಸುತ್ತ ಬಂದು ಆರ್ಚಿಯ ಬೆನ್ನಿನ ಮೇಲೆ ಸೇರಿದರು. ಅಷ್ಟರಲ್ಲಿ ಹಾರಿದ ಕೆಸರೆಲ್ಲ ಇಬ್ಬರ ಮುಖ ಮೈಗೆ ಮೆತ್ತಿ, ಕಣ್ಣು ಮಾತ್ರ ಉಳಿದಿತ್ತು. ಆರ್ಚಿಯ ಬೆನ್ನು ಎಂದೋ ಸ್ವಚ್ಛವಾಗಿದ್ದರೂ ಪೊರಕೆಗಳು ನಿಲ್ಲಲಿಲ್ಲ. ಪಾಪ, ಅವನೂ ಬೆನ್ನು ಇನ್ನಷ್ಟು ಅಗಲ ಮಾಡಿ ನಿಂತ.

ಕೊನೆಗೆ ಎಫಿ ತೆರೆದ ಬಾಗಿಲಿನ ಒಳಗೆ ಇಣುಕಿದಳು. ಕೆನೆಬಣ್ಣದ ಬೆಂಚಿನ ಮೇಲೆ ಕುರಿಯೊಂದು ಕಾಲು ಮಡಚಿ ಮಲಗಿತ್ತು. ಅವಳು ಬಗ್ಗಿ ಅದರ ಬೆನ್ನು ನೋಡಿದಳು. ಕೆಸರಿನ ಪಟ್ಟಿ ಇರಲಿಲ್ಲ.

"ಇರಲಿ ಬಿಡು," ಎಂದು, ಒದ್ದೆ ಮೆಟ್ಟಿಲ ಮೇಲೆ ಕೂತಿದ್ದ ವಾಟಿಯ ಪಕ್ಕ ತಾನೂ ಕೂತಳು.