ಖೇಣಿಯ ಚಹಾ

ಅಪ್ಪ ಅಡಿಕೆ ತೋಟಗಳನ್ನು ಖೇಣಿ ಹಿಡಿಯುತ್ತಾರೆ. ಫಸಲು ಮರದಲ್ಲಿರುವಾಗಲೇ ನೋಡಿ, ಕೊಯ್ಲಿಗೆ ಮೊದಲೇ ಬೆಲೆ ಕುದುರಿಸಿ ಕೊಳ್ಳುವ ವ್ಯಾಪಾರ ಅದು. ಚನ್ನಗಿರಿಯ ಸುತ್ತ ಈ ಮಾತುಕತೆ ಚಹಾದಲ್ಲಿ ಮುಗಿಯಬೇಕು. ಕುಡಿಯದೆ ಎದ್ದರೆ ತೋಟ ಒಪ್ಪಿಗೆಯಾಗಲಿಲ್ಲ ಎಂದರ್ಥ. ಹಂಗಾಮಿನಲ್ಲಿ ಅಪ್ಪ ಮನೆಯಿಂದ ಮನೆಗೆ ಕಾರಿನಲ್ಲಿ ಹೋಗಿ, ಪಾಕದಂಥ ಚಹಾ ಕುಡಿದು ಬರುತ್ತಿದ್ದರು.

ಕಳೆದ ವರ್ಷ ಅಪ್ಪನ ಜೊತೆ ಅವರ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗ ವೈದ್ಯರು ಹೊಟ್ಟೆಯ ಸ್ಕ್ಯಾನಿಂಗನ್ನೂ ಮಾಡಿಸಿದರು. ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು. ಕೋಣೆಯ ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಪೇಟೆಯ ಪರಿಚಯದವರಿದ್ದರು.

"ಡ್ರಿಂಕ್ಸ್ ಅಭ್ಯಾಸ ಐತೇನ್ರೀ?" ಎಂದು ವೈದ್ಯರು ಕೇಳಿದರು.

ಅಪ್ಪನ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. "ಹುಟ್ಟಿದಾಗಿಂದ ಮುಟ್ಟಿಲ್ರೀ."

"ಕುಡೀದಿದ್ರೂ ಬರತೈತ್ರಿ. ಸಕ್ಕರೆ ಕಾಯಿಲೆ, ಬೊಜ್ಜು, ಓಡಾಟ ಇಲ್ಲದಿರೋದು, ಇಷ್ಟೇ ಸಾಕು."

ನೋವೇ ಇಲ್ಲದೆ ಬೆಳೆಯುವ ಕಾಯಿಲೆ ಇದು ಎಂದರು. ನಡೆದು, ಸಿಹಿ ಬಿಟ್ಟು, ತೂಕ ಇಳಿಸಿದರೆ ಕೊಬ್ಬು ಕರಗಬಹುದು. ಆದರೆ ಯಕೃತ್ತು ಗಟ್ಟಿಯಾಗತೊಡಗಿದೆಯೇ ಎಂದು ತಿಳಿಯಲು ದಾವಣಗೆರೆಯಲ್ಲಿ ಇನ್ನೊಂದು ಪರೀಕ್ಷೆ ಆಗಲೇಬೇಕು.

ಅಪ್ಪ ಹೋಗಲಿಲ್ಲ. "ಲಿವರ್ ಡಾಕ್ಟ್ರ ಬಾಗಿಲಾಗೆ ನನ್ನ ಕಂಡ್ರೆ ಜನ ಏನಂದ್ಕೊಂತಾರೆ?" ಎಂದರು. ನಾನು ಕಾಲೇಜಿನಲ್ಲಿ ಯಕೃತ್ತಿನ ಬಗ್ಗೆ ಕಲಿತದ್ದನ್ನು ವಿವರಿಸಿದೆ. ಕೊನೆಯವರೆಗೂ ಕೇಳಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಅವ್ವ ಮನೆಯಲ್ಲಿ ಸಿಹಿ ನಿಲ್ಲಿಸಿದಳು. "ಏನೇ, ಸಕ್ಕರೆ ಅಂಗಡಿಗೆ ಬೀಗ ಬಿತ್ತಾ?" ಎಂದು ಅಪ್ಪ ಛೇಡಿಸಿದರು. ಅವಳು ನಗಲಿಲ್ಲ.

ಒಂದು ದಿನ ಡ್ರೈವರ್ ಬಾರದೆ, ಅಪ್ಪನನ್ನು ಕೆರೆಬಿಳಚಿಗೆ ನಾನೇ ಕರೆದೊಯ್ದೆ. ತೋಟದ ಯಜಮಾನರ ಮನೆಯಲ್ಲಿ ಮಾತು ಮುಗಿಯಿತು. ಅವರ ಹೆಂಡತಿ ಚಹಾ ತಂದರು. ಆಕೆಯ ಕೈಕಾಲು ಕಡ್ಡಿಯಂತಾಗಿದ್ದವು, ಹೊಟ್ಟೆ ಮಾತ್ರ ಉಬ್ಬಿತ್ತು. ಅಪ್ಪ ಲೋಟ ಹಿಡಿದೇ ಕೇಳಿದರು, "ಏನಾತ್ರೀ ಅಕ್ಕಾರಿಗೆ?"

"ಲಿವರ್ ಕೆಟ್ಟು ಹೊಟ್ಟೆಗೆ ನೀರು ತುಂಬೈತ್ರಿ," ಎಂದರು ಯಜಮಾನರು. "ಇವಳೇನು ಕುಡೀತಾಳಾ? ಮೊದ್ಲೇ ಡಾಕ್ಟ್ರು ಕೊಬ್ಬೈತೆ, ತೋರಿಸ್ರಿ ಅಂದಿದ್ರು. ಜನ ಆಡ್ಕೊಂತಾರೆ ಅಂತ ನಾನೇ ಸುಮ್ನಿದ್ದೆ."

ಅಪ್ಪ ಲೋಟವನ್ನು ತುಟಿಗೆ ಒಯ್ಯಲಿಲ್ಲ.

"ಯಾಕ್ರೀ ಸಾವ್ಕಾರ್ರೆ, ನಮ್ ತೋಟ ಬ್ಯಾಡಾತಾ?"

"ತೋಟ ಬೇಕ್ರಿ." ಅಪ್ಪ ನನ್ನ ಕಡೆ ನೋಡಲಿಲ್ಲ. "ನನಗೂ ಆ ಕೊಬ್ಬೈತ್ರಿ. ಸಕ್ಕರೆ ಇಲ್ದಂಗೆ ಕೊಟ್ರೆ ಕುಡೀತೀನಿ."

ಯಜಮಾನರ ಹೆಂಡತಿಯೇ ಬಂದು ಲೋಟ ತೆಗೆದುಕೊಂಡರು. "ನೀವಾದ್ರೂ ತಡ ಮಾಡಬ್ಯಾಡ್ರಿ, ಅಣ್ಣಾ," ಎಂದು ಒಳಗೆ ಹೋದರು. ಅವರು ಗೋಡೆ ಹಿಡಿದು ನಡೆಯುತ್ತಿದ್ದುದನ್ನು ಅಪ್ಪ ನೋಡುತ್ತಲೇ ಇದ್ದರು. ಸಪ್ಪೆ ಚಹಾ ಬಂದಾಗ ಒಂದೇ ಸಲಕ್ಕೆ ಕುಡಿದು ಲೋಟ ಕೆಳಗಿಟ್ಟರು.

ಕಾರು ಊರು ದಾಟಿತು. ಅಪ್ಪ ಕಿಟಕಿಯ ಕಡೆಗೇ ಮುಖ ಮಾಡಿ, "ದಾವಣಗೆರೆಗೆ ನಾಳೆ ಹೋಗಾಕೆ ಆಗತೈತಾ?" ಎಂದರು.

"ಆಗತೈತಪ್ಪ," ಎಂದೆ.