ಕೌನ್ಸೆಲಿಂಗ್‌ಗೆ ಹೋದವನ ಸೀಟು

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಬರೆದವನು ವಾರ್ಷಿಕಕ್ಕೆ ಹೋಗಲಿಲ್ಲ. ಅಪ್ಪನಿಗೆ ತೋಟದಲ್ಲಿ ಕೈ ಬೇಕಿತ್ತು. ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡ ಕೈ ನನ್ನದು. ಅದರಿಂದ ನನಗೆ ನಷ್ಟವಾಯಿತೆಂದು ಯಾರಾದರೂ ಮರುಗಿದರೆ ಈಗಲೂ ಸಿಟ್ಟು ಬರುತ್ತದೆ. ಮೇಷ್ಟರ ಮುಂದೆ ಎದ್ದು ನಿಂತು ಉತ್ತರ ಹೇಳುವ ಕಷ್ಟ ಅಲ್ಲಿಗೆ ಮುಗಿಯಿತಲ್ಲ, ಅದೇ ಲಾಭ. ಐವತ್ತರ ಹತ್ತಿರ ಬಂದಮೇಲೆ, ತಿಪಟೂರಿನ ಒಂದು ಕನ್ನಡಕದ ಅಂಗಡಿಯ ಮಹಡಿಯಲ್ಲಿ, ನನ್ನ ಮಗಳಿಗಿಂತ ಹತ್ತಾರು ವರ್ಷ ದೊಡ್ಡವಳಾದ ಹೆಣ್ಣುಮಗಳೊಬ್ಬಳು ಮತ್ತೆ ಪ್ರಶ್ನೆ ಕೇಳುತ್ತಾಳೆ, ನಾನು ಅಂಗೈ ಬೆವರಿಸಿಕೊಂಡು ಕೂರುತ್ತೇನೆ ಎಂದು ಆಗ ಯಾರಿಗೆ ಗೊತ್ತಿತ್ತು?

ತೊಂದರೆ ಶುರುವಾದದ್ದು ಅಟ್ಟದ ಏಣಿಯಲ್ಲಿ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆಗ ಇಳಿಸಬೇಕು. ತಡಮಾಡಿದರೆ ಹುಳ ಬೀಳುತ್ತದೆ. ಈ ಸಲದ ಕಾಯಿ ಇಳಿಸುವ ಕಾಲ ಬಂತು, ಏಣಿಗೆ ಕಾಲಿಟ್ಟೆ. ಎದೆ ಹಿಡಿದುಕೊಂಡಿತು. ಬೆವರು, ನಡುಕ, ಕಣ್ಣು ಕತ್ತಲೆ. ಕೆಳಗಿಳಿದು ಕೂತೆ. ನಾಲ್ಕು ದಿನ ಬಿಟ್ಟು ಹತ್ತಿದೆ, ಮತ್ತೆ ಅದೇ. ಹದಿನಾಲ್ಕನೇ ವಯಸ್ಸಿಗೇ ತೆಂಗಿನ ಮರ ಹತ್ತಿದವನು ಮನೆಯೊಳಗಿನ ಏಣಿಗೆ ಹೆದರಿದೆ ಎಂದು ಯಾರ ಮುಂದೆ ಹೇಳಲಿ? ಮಂಡಿನೋವು ಎಂದೆ.

ನನ್ನ ಹೆಂಡತಿ ಗಿರಿಜಮ್ಮ ನಂಬಲಿಲ್ಲ. "ಮಂಡಿನೋವು ಅಂದ್ರೆ ಮಂಡಿ ಹಿಡ್ಕೋಬೇಕು ಕಣ್ರೀ. ನೀವ್ಯಾಕೆ ಎದೆ ಹಿಡ್ಕೊಂಡು ಕೂತಿದ್ದೀರಿ?" ಎಂದಳು. ಕೂಲಿಯವರನ್ನು ಹತ್ತಿಸೋಣ ಎಂದಳು. ನಾನು ಬೇಡ ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಕೊಟ್ಟಿಗೆಯ ಹಸು ಎದ್ದು ನಿಂತಿತು. ನನಗೆ ಏಕೆ ಅಷ್ಟು ಸಿಟ್ಟು ಬಂತೋ ನನಗೇ ತಿಳಿಯಲಿಲ್ಲ.

ಕೊನೆಗೆ ಮಗಳು ಕಾವ್ಯ ಎಳೆದುಕೊಂಡು ಹೋಗಿ ತಿಪಟೂರಿನ ಡಾಕ್ಟರಿಗೆ ತೋರಿಸಿದಳು. ಅವರು ಎದೆಗೆ ವೈರು ಅಂಟಿಸಿ, ರಕ್ತ ತೆಗೆಸಿ, "ಹೃದಯ ಚೆನ್ನಾಗಿದೆ. ಒಂದು ಕೌನ್ಸೆಲಿಂಗ್ ಮಾಡಿಸಿ" ಎಂದರು.

"ಇವಳದ್ದು ಇನ್ನೂ ರ‍್ಯಾಂಕೇ ಬಂದಿಲ್ಲ ಸಾರ್" ಎಂದೆ.

ಡಾಕ್ಟರು ನಗಲೋ ಬೇಡವೋ ಎಂದು ನೋಡಿದರು. ಕಾವ್ಯ ತಲೆ ತಗ್ಗಿಸಿದಳು. ನನ್ನ ತಪ್ಪೇನು? ನಮ್ಮ ಸೀಮೆಯಲ್ಲಿ ಕೌನ್ಸೆಲಿಂಗ್ ಎಂದರೆ ಎರಡೇ: ಪಿಯುಸಿ ಮುಗಿಸಿದವರಿಗೆ ಸೀಟು ಹಂಚುವುದು, ಮೇಷ್ಟರುಗಳಿಗೆ ವರ್ಗಾವಣೆ ಹಂಚುವುದು. ಮನಸ್ಸಿಗೂ ಒಂದು ಕೌನ್ಸೆಲಿಂಗ್ ಉಂಟೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ, ಅದು ಬಟ್ಟೆ ಹರಿದುಕೊಂಡು ಓಡಾಡುವವರಿಗೆ ಎಂದು ನಾನೇ ವಾದಿಸುತ್ತಿದ್ದೆ.

ಆದರೆ ಆ ತಪ್ಪು ಅರ್ಥವೇ ನನಗೆ ಕೊಡೆಯಾಯಿತು. ಹೋಗಬೇಕಾದ ದಿನ ಕಾವ್ಯಳ ಮಾರ್ಕ್ಸ್ ಕಾರ್ಡಿನ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ನಮ್ಮೂರ ಕೊಬ್ಬರಿ ವ್ಯಾಪಾರಿ ನಂಜಪ್ಪ ಪಕ್ಕಕ್ಕೇ ಬಂದು ಕೂತ.

"ಎತ್ಲಾಗ್ ಹೊಂಟೆ ರುದ್ರಣ್ಣ?"

"ತಿಪಟೂರ್ಗೆ ಕಣಪ್ಪ. ಕೌನ್ಸೆಲಿಂಗು."

"ಓ, ಮಗೀಗೆ ಸೀಟಾ? ಮಗಿ ಎಲ್ಲಿ?"

ಮಗು ಮನೆಯಲ್ಲಿತ್ತು. "ಮೊದ್ಲು ಅಪ್ಪನ್ನ ನೋಡ್ತಾರಂತೆ" ಎಂದೆ. ನಂಜಪ್ಪ ಕಾಲ ಕೆಟ್ಟಿತೆಂಬಂತೆ ತಲೆಯಾಡಿಸಿದ. ಇಳಿಯುವವರೆಗೂ ನನ್ನ ಬೆನ್ನು ಸೀಟಿಗೆ ತಾಗಲಿಲ್ಲ.

ನೀವೂ ಎಂದಾದರೂ ಆ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತುವವರಾದರೆ, ಒಳಗೆ ಏನಿರುತ್ತದೆ ಎಂದು ಹೇಳಿಬಿಡುತ್ತೇನೆ. ಮಂಚವಿಲ್ಲ. ಕರೆಂಟು ಕೊಡುವ ಮೆಷಿನ್ನಿಲ್ಲ. ಒಂದು ಸೋಫಾ, ಎರಡು ಕುರ್ಚಿ, ಒರೆಸಿಕೊಳ್ಳಲು ಕಾಗದದ ಡಬ್ಬಿ. ಆ ಡಬ್ಬಿ ನೋಡಿಯೇ ನನಗೆ ಹಟ ಬಂತು: ಇದನ್ನು ಮುಟ್ಟಿದರೆ ನಾನು ನಮ್ಮಪ್ಪನ ಮಗನೇ ಅಲ್ಲ.

"ಎಲ್ಲಿ ಕೂರ್ಲಿ ಮೇಡಂ?"

"ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ."

ಇದು ಪರೀಕ್ಷೆಯೇ ಇರಬೇಕೆಂದುಕೊಂಡು ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ಎದ್ದು ಹೋಗಲು ಅದೇ ಸಲೀಸು. ಅವರು ನಿಯಮ ಹೇಳಿದರು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಜೀವಕ್ಕೆ ಅಪಾಯ ಎನ್ನಿಸಿದರೆ ಮಾತ್ರ ಮನೆಯವರಿಗೆ ಹೇಳುತ್ತೇನೆ, ಅದನ್ನೂ ನಿಮಗೆ ತಿಳಿಸಿಯೇ. ಮಾತ್ರೆ ನಾನು ಕೊಡುವುದಿಲ್ಲ. ನನ್ನ ಹತ್ತಿರ ಸರಿಹೋಗದಿದ್ದರೆ ಬೇರೆಯವರ ಹತ್ತಿರ ಹೋಗಬಹುದು, ಬೇಜಾರಿಲ್ಲ. ಗಿರಾಕಿಯನ್ನು ಮೊದಲ ದಿನವೇ ಬೇರೆ ಅಂಗಡಿಗೆ ಕಳಿಸಲು ಸಿದ್ಧವಿರುವ ಅಂಗಡಿಯನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ.

ಆಮೇಲೆ ಸುಮ್ಮನಾದರು. ಅಲ್ಲಿ ನಿಜವಾದ ಕಷ್ಟ ಇರುವುದು ಇದೇ. ನಮ್ಮಲ್ಲಿ ಕಷ್ಟ ಹೇಳಿಕೊಂಡು ಹೋದರೆ ಎದುರಿಗಿದ್ದವರು ಸುಮ್ಮನಿದ್ದದ್ದುಂಟೆ? ಮಠದಲ್ಲಿ ವಿಭೂತಿ ಕೊಡುತ್ತಾರೆ. ಶಾಸ್ತ್ರ ಕೇಳಿದರೆ ಯಾವ ದಿಕ್ಕಿನ ಗಾಳಿ ಎಂದು ಹೇಳುತ್ತಾರೆ. ಟೀ ಅಂಗಡಿಯಲ್ಲಿ ಕೆಮ್ಮಿದರೆ ಸಾಕು, ಏಳು ಜನ ಏಳು ಕಷಾಯ ಹೇಳುತ್ತಾರೆ. ಈಯಮ್ಮ ಫೀಸು ತೆಗೆದುಕೊಂಡು ಮೌನ ಕೊಡುತ್ತಾರಲ್ಲ ಎಂದು ಒಳಗೇ ಕುದಿದೆ. ಗೋಡೆ ಗಡಿಯಾರದ ಮುಳ್ಳಿಗೂ ನಾಚಿಕೆಯಾಗುವಷ್ಟು ಹೊತ್ತು ಇಬ್ಬರೂ ಕೂತಿದ್ದೆವು.

"ಮನೆಯಲ್ಲಿ ಯಾರ‍್ಯಾರು ಇದ್ದೀರಿ?" ಕೊನೆಗೆ ಕೇಳಿದರು.

ಇದು ಗೊತ್ತಿರುವ ಪಾಠ. "ನಾನು, ಹೆಂಡ್ತಿ, ಮಗಳು. ತಮ್ಮ ಒಬ್ಬ, ಚನ್ನಬಸವ. ಮದ್ವೆ ಇಲ್ಲ, ನಮ್ ಜೊತೆಗೇ ಅವ್ನೆ."

"ತಮ್ಮ ಏನು ಮಾಡ್ತಾರೆ?"

"ಕಾಯಿ ಕೊಡ್ತಾನೆ" ಎಂದೆ. "ಕೆಳಗಿಂದ."

ಆಡಿದ ಮಾತು ನನ್ನ ಕಿವಿಗೇ ಬಿತ್ತು. ಚನ್ನ ತೀರಿಕೊಂಡು ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು. ಆ ದಿನ ಅಟ್ಟಕ್ಕೆ ಕಾಯಿ ಹಾಕುತ್ತಿದ್ದೆವು; ನಾನು ಅಟ್ಟದ ಮೇಲೆ, ಅವನು ಏಣಿಯ ಬುಡದಲ್ಲಿ. ಅವನು ಕೊಡುವುದು, ನಾನು ಇಸಿದುಕೊಂಡು ಜೋಡಿಸುವುದು. ಒಂದು ಸಲ ಕೈ ಚಾಚಿದೆ, ಕಾಯಿ ಬರಲಿಲ್ಲ. "ಕೊಡ್ಲಾ, ನಿದ್ದೆ ಹೊಡೀತಿದ್ದೀಯಾ?" ಎಂದು ಗದರಿದೆ. ಬಗ್ಗಿ ನೋಡಿದರೆ ಅವನು ಕಾಯಿ ರಾಶಿಗೆ ಒರಗಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ನಾನು ಅಳಲಿಲ್ಲ. ನಮ್ಮ ಪದ್ಧತಿಯಂತೆ ಅವನನ್ನು ಗುಣಿಯಲ್ಲಿ ಕೂರಿಸಿ, ಮಣ್ಣು ಹಾಕಿ, ಮೂರನೇ ದಿನಕ್ಕೆ ತೋಟಕ್ಕೆ ನೀರು ಬಿಟ್ಟೆ. ರುದ್ರಣ್ಣ ಗಟ್ಟಿ ಮನುಷ್ಯ ಎಂದರು ಎಲ್ಲರೂ. ಆ ಮಾತು ನನಗೂ ಹಿಡಿಸಿತ್ತು.

ಅಟ್ಟದಲ್ಲಿ ಒಣಗುತ್ತಿದ್ದದ್ದು ಅವನು ಕೈಯಾರೆ ಕೊಟ್ಟ ಕಾಯಿ. ಇಳಿಸಿಬಿಟ್ಟರೆ ಅವನು ಕೊಟ್ಟದ್ದು ಮುಗಿಯಿತು. ಇಷ್ಟನ್ನು ಆ ಕುರ್ಚಿಯಲ್ಲಿ ಕೂತು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ. ಡಬ್ಬಿಯ ಕಾಗದ ಮುಟ್ಟಲಿಲ್ಲ. ಟವೆಲು ಹೆಗಲ ಮೇಲೆಯೇ ಇತ್ತಲ್ಲ. ಅದರ ಒಂದು ತುದಿ ಪೂರಾ ಒದ್ದೆಯಾಯಿತು.

ಮೇಡಂ ಆಗಲೂ ಬುದ್ಧಿ ಹೇಳಲಿಲ್ಲ. "ಮುಂದಿನ ವಾರ ಬರ್ತೀರಾ?" ಎಂದಷ್ಟೇ ಕೇಳಿದರು. ಹೋದೆ. ಒಂದೇ ಸಲಕ್ಕೆ ಹಗುರಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡನೇ ಸಲ ಹೋಗಿ ಬಂದ ಮೇಲೆ ಇನ್ನೂ ಭಾರವಾಗಿ ಎರಡು ದಿನ ತೋಟಕ್ಕೇ ಹೋಗಲಿಲ್ಲ. ಮೂರನೇ ಸಲಕ್ಕೆ ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಕಿಟಕಿ ಹತ್ತಿರದ್ದಕ್ಕೆ ಹೋದೆ. ಎದೆ ಹಿಡಿದಾಗ ಓಡಬೇಡಿ, ಅಲ್ಲೇ ನಿಂತು ಉಸಿರು ಉದ್ದಕ್ಕೆ ಬಿಡಿ ಎಂದು ಕಲಿಸಿದರು. ಏಣಿಯ ಮೇಲೆ ಅದನ್ನು ಮಾಡಿದೆ, ಕೆಳಗೆ ಗಿರಿಜಮ್ಮ ಏಣಿ ಹಿಡಿದು "ಬುಡಿ ಅತ್ಲಾಗೆ, ನಾಳೆ ಹತ್ತುವ್ರಂತೆ" ಎನ್ನುತ್ತಿದ್ದಳು. ಆ ದಿನ ಅರ್ಧಕ್ಕೇ ಇಳಿದೆ. ಇನ್ನೊಂದು ದಿನ ಪೂರ್ತಿ ಹತ್ತಿದೆ. ಕಾಯಿ ಇಳಿಸಿದೆವು; ಮೇಲಿನಿಂದ ನಾನು ಕೊಡುವುದು, ಕೆಳಗೆ ಅವಳು ಇಸಿದುಕೊಳ್ಳುವುದು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿಯೇ ಕೊಟ್ಟೆ. ಕೆಲವಕ್ಕೆ ಹುಳ ಬಿದ್ದಿತ್ತು.

ಮೊನ್ನೆ ಬಸ್ಸಿನಲ್ಲಿ ನಂಜಪ್ಪ ಮತ್ತೆ ಸಿಕ್ಕಿದ. "ಏನ್ಲಾ ರುದ್ರಣ್ಣ, ಇನ್ನೂ ಸೀಟು ಸಿಕ್ಲಿಲ್ವಾ?"

"ಸಿಕ್ತು ಕಣಪ್ಪ. ಕಿಟಕಿ ಪಕ್ಕ. ನಂದೇ ಸೀಟು" ಎಂದು, ಏಣಿಯಿಂದ ಹಿಡಿದು ಮೇಡಂವರೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ನಗಲಿಲ್ಲ. ಊರು ಬರುವವರೆಗೆ ಹೊರಗೇ ನೋಡುತ್ತಿದ್ದ. ಇಳಿಯುವಾಗ ಮೆಲ್ಲಗೆ ಕೇಳಿದ: "ಅಲ್ಲಿ ಹೆಸ್ರು ಜೋರಾಗಿ ಕೂಗ್ತಾರಾ?"

ಕೂಗುವುದಿಲ್ಲ. ಬಾಗಿಲು ತೆರೆದು ಸುಮ್ಮನೆ ಮುಖ ನೋಡುತ್ತಾರೆ, ಅಷ್ಟೇ.

ಈಗ ನನಗಿರುವುದು ಇಷ್ಟು: ಮೂರು ಎಕರೆ ತೋಟ, ಎರಡು ಹಸು, ಒಂದು ಕರು. ಒಬ್ಬ ಹೆಂಡತಿ, ಒಬ್ಬ ಮಗಳು. ಖಾಲಿ ಅಟ್ಟ ಒಂದು. ಒಬ್ಬ ತಮ್ಮ ಇದ್ದ.