ಮೂರು ಕಿಟಕಿಯ ಹಾಡು

ವಹಾಬ್ ಇಪ್ಪತ್ತು ವರ್ಷ ಕಲಬುರಗಿಯ ಮದುವೆಗಳ ವಿಡಿಯೋ ತೆಗೆದವನು. ಮನೆ ಕೋಟೆಯ ಹತ್ತಿರ, ಅಂಗಡಿ ಜಗತ್ ಸರ್ಕಲ್ಲಿನ ಒಂದು ಮಹಡಿಯ ಮೇಲೆ. ಶೂಟಿಂಗಿಗಿಂತ ಅವನಿಗೆ ಹಿಡಿಸುತ್ತಿದ್ದದ್ದು ಆಮೇಲಿನ ಮಿಕ್ಸಿಂಗ್ ಕೆಲಸ. ತುಣುಕುಗಳನ್ನು ಕತ್ತರಿಸಿ ಹಾಡಿಗೆ ಕೂಡಿಸುವಾಗ ಊಟದ ನೆನಪೂ ಆಗುತ್ತಿರಲಿಲ್ಲ.

ಮದುವೆ ಮನೆಯವರು ಬಂದು ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು. "ಈ ಸಾಲಿಗೆ ನಮ್ಮ ಸೋದರತ್ತಿ ಮುಖಾ ಹಾಕ್ರಿ," ಎಂದು ಒಬ್ಬರು, "ಬ್ಯಾಡ್ರಿ, ಮದುಮಗಳ ಕೈ ತೋರಸ್ರಿ," ಎಂದು ಇನ್ನೊಬ್ಬರು. ಬೇರೆಯವರಿಗೆ ಇದು ತಲೆನೋವು. ವಹಾಬನಿಗೆ ಮಾತ್ರ ಒಂದು ದಿನ ಬೇರೆಯದೇ ಹೊಳೆಯಿತು. ಯಾವ ಸಾಲಿಗೆ ಯಾವ ಚಿತ್ರ ಎಂದು ಆರಿಸುವುದರಲ್ಲಿ ಎಲ್ಲರಿಗೂ ಇಷ್ಟು ಖುಷಿಯಿದ್ದರೆ, ಅದನ್ನೇ ಒಂದು ಆಟ ಮಾಡಿ ಸಿಡಿಯಲ್ಲಿ ಕೊಟ್ಟರೆ?

ಅದು ಎರಡು ಸಾವಿರದ ನಾಲ್ಕರ ಮಾತು. ಕೆಳಗಿನ ಅಂತಸ್ತಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಸುನಂದಾ ಎಂಬಾಕೆ ಪಾಠ ಹೇಳುತ್ತಿದ್ದಳು. ಅವಳು ಕುತೂಹಲಕ್ಕೆಂದು ಪ್ರೋಗ್ರಾಂ ಬರೆದುಕೊಟ್ಟಳು. ಪರದೆಯ ಕೆಳಗೆ ಮೂರು ಪುಟ್ಟ ಕಿಟಕಿ, ಮೇಲೊಂದು ದೊಡ್ಡ ಚೌಕ. ಹಾಡು ಶುರುವಾದೊಡನೆ ಮೂರು ಕಿಟಕಿಗಳಲ್ಲೂ ಬೇರೆ ಬೇರೆ ದೃಶ್ಯ ಓಡುತ್ತವೆ. ಆಡುವವರು ಒಂದು, ಎರಡು, ಮೂರು ಒತ್ತಿದ ಹಾಗೆ ಆಯಾ ಕಿಟಕಿಯ ದೃಶ್ಯ ಚೌಕಕ್ಕೆ ಏರುತ್ತದೆ. ಹಾಡು ಮುಗಿದ ಮೇಲೆ ಅವರೇ ಕಟ್ಟಿದ ವಿಡಿಯೋ ಮೊದಲಿನಿಂದ ಓಡುತ್ತದೆ. ವಹಾಬ್ ಅದಕ್ಕೆ ‘ನಿಮ್ಮ ಕೈಯಾಗ ಹಾಡು’ ಎಂದು ಹೆಸರಿಟ್ಟ. ವರ್ಷಕ್ಕೆ ನಾಲ್ಕು ಭಾಗ ತರುವ ಲೆಕ್ಕಾಚಾರ ಅವನದು.

ಮೊದಲ ಭಾಗಕ್ಕೆ ಅವನು ಕಮಲಾಪುರದ ಹಣಮಮ್ಮನನ್ನು ಹುಡುಕಿಕೊಂಡು ಹೋದ. ಐವತ್ತರ ಹೆಂಗಸು. ಸುತ್ತಲಿನ ಯಾವ ಮದುವೆಯಲ್ಲೂ ಅರಿಶಿಣ ಹಚ್ಚುವಾಗ ಅವಳ ಹಾಡಿಲ್ಲದೆ ನಡೆಯುತ್ತಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಅವಳು ತಾಯಿಯಿಂದ ಕಲಿತ ಪದವೊಂದನ್ನು ಹಾಡಿದಳು. ನಡುವೆ ಒಂದು ಕಡೆ ದನಿ ನಡುಗಿತು. ವಹಾಬ್ ಅದನ್ನು ಹಾಗೆಯೇ ಉಳಿಸಿಕೊಂಡ. ಮೊದಲನೆಯ ಕಿಟಕಿಗೆ ಅವಳ ಮುಖ, ಎರಡನೆಯದಕ್ಕೆ ಕೆಂಪು ಬಾಳೆಯ ತೋಟ. ಮೂರನೆಯದಕ್ಕೆ ಏನೂ ಹೊಳೆಯದೆ, ಹಳ್ಳದಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಒಂದು ಎಮ್ಮೆಯನ್ನು ಚಿತ್ರಿಸಿಕೊಂಡು ಬಂದ.

ಬಿಡುಗಡೆಗೆ ಜಗತ್ ಸರ್ಕಲ್ಲಿನ ಹತ್ತಿರವೇ ಸಣ್ಣ ಸಭಾಂಗಣ. ನೆಹರು ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿ ಗುರುಲಿಂಗಪ್ಪ ಮುಖ್ಯ ಅತಿಥಿ. ಹಣಮಮ್ಮ ಇಳಕಲ್ ಸೀರೆ ಉಟ್ಟು, ಮಗಳು ಅಂಬಿಕಾಳನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪರದೆಯ ಮೇಲೆ ತನ್ನ ಮುಖ ನೋಡುವುದು ಅವಳಿಗೆ ಅದೇ ಮೊದಲು.

ಮೊದಲ ಆಟಕ್ಕೆ ಮುಖ್ಯ ಅತಿಥಿಯನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದರು. ಹಾಡು ಶುರುವಾಯಿತು. ಗುರುಲಿಂಗಪ್ಪನವರಿಗೆ ಗುಂಡಿ ಒತ್ತಿ ರೂಢಿಯಿರಲಿಲ್ಲ. ಮೊದಲ ಸಲ ಒತ್ತಿದ್ದು ಮೂರು. ದೊಡ್ಡ ಚೌಕದಲ್ಲಿ ಎಮ್ಮೆ ಬಂತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಗುರುಲಿಂಗಪ್ಪನವರಿಗೆ ಹುರುಪು ಬಂತು. ಹಾಡು ಎಲ್ಲಿ ಭಾರವಾಗುತ್ತದೋ ಅಲ್ಲೆಲ್ಲ ಮೂರು. ದನಿ ನಡುಗಿದ ಕಡೆ ಎಮ್ಮೆ ಬಾಯಿ ತೆರೆಯಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾಲ್ಕು ನಿಮಿಷದ ಹಾಡಿನಲ್ಲಿ ಹಣಮಮ್ಮನ ಮುಖ ದೊಡ್ಡ ಚೌಕಕ್ಕೆ ಒಮ್ಮೆಯೂ ಬರಲಿಲ್ಲ.

ವಹಾಬನೂ ನಕ್ಕ. ಆರು ತಿಂಗಳ ದುಡಿಮೆಯ ಮೇಲೆ ಜನ ಖುಷಿಪಟ್ಟದ್ದನ್ನು ಅವನು ಕಂಡದ್ದೇ ಆ ಗಳಿಗೆ. ಆ ನಗು ತಡೆಯಲು ಆಗಲಿಲ್ಲ. ತಿರುಗಿ ನೋಡಿದಾಗ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿಯಾಗಿದ್ದವು.

ಸಿಡಿ ಮಾರುಕಟ್ಟೆಯಲ್ಲಿ ಓಡಲಿಲ್ಲ. ಕೊಂಡವರು ಟಿವಿಯ ಪ್ಲೇಯರಿಗೆ ಹಾಕಿ, ಬರಲಿಲ್ಲವೆಂದು ವಾಪಸು ತಂದರು. ಕಂಪ್ಯೂಟರಿದ್ದವರು ಒಂದು ಸಲ ಆಡಿ ಬಿಟ್ಟರು. ಒಂದೇ ಸಿಡಿಯಲ್ಲಿ ಮೂರು ವಿಡಿಯೋ ತುರುಕಿದ್ದರಿಂದ ಚಿತ್ರ ಮಸುಕು, ಮುಖಗಳ ಮೇಲೆ ಚೌಕಚೌಕ ಕಲೆ. ಊರಿನ ಪತ್ರಿಕೆಯೊಂದು ನಾಲ್ಕೇ ಸಾಲು ಬರೆಯಿತು: ಇದು ಆಟ ಬೇಕೆನ್ನುವವರಿಗೆ ಆಟವಲ್ಲ, ಹಾಡು ಬೇಕೆನ್ನುವವರಿಗೆ ಹಾಡೂ ಅಲ್ಲ. ಆ ತುಣುಕನ್ನು ಸುನಂದಾ ಮುಚ್ಚಿಡಲು ನೋಡಿದಳು. ವಹಾಬ್ ಅದಾಗಲೇ ಚಹಾದಂಗಡಿಯಲ್ಲಿ ಓದಿಕೊಂಡು ಬಂದಿದ್ದ.

ಹಟಕ್ಕೆ ಬಿದ್ದು ಎರಡನೆಯ ಭಾಗ ಮಾಡಿದ. ಬೇರೆ ಹಾಡುಗಾರರು, ಬೇರೆ ದೃಶ್ಯಗಳು. ಅದನ್ನು ಬೈಯುವುದಕ್ಕೂ ಯಾರೂ ಬರಲಿಲ್ಲ.

ಆ ಹೊತ್ತಿಗೇ ಕಮಲಾಪುರದಿಂದ ಬಂದ ಮದುವೆ ಮನೆಯವರೊಬ್ಬರು ಮಾತಿನ ನಡುವೆ ಸುದ್ದಿ ಹೇಳಿದರು. ಹಣಮಮ್ಮ ಹಾಡುವುದನ್ನು ಬಿಟ್ಟಿದ್ದಳು. ಹೋದಲ್ಲೆಲ್ಲ ಜನ "ಎಮ್ಮಿ ಹಾಡು ಹಾಡಬೇ ಯವ್ವಾ" ಎಂದು ಕೇಳಿ ನಗುತ್ತಿದ್ದರಂತೆ. ವಹಾಬ್ ಮರುದಿನವೇ ಕಮಲಾಪುರದ ಬಸ್ಸು ಹತ್ತಿದ.

ಹಣಮಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂರಲು ಹೇಳಿ ನೀರು ಕೊಟ್ಟು, ಮತ್ತೆ ಮೊರ ಹಿಡಿದಳು.

"ತಪ್ಪಾಗ್ಯದ ಅವ್ವಾ," ಎಂದ ವಹಾಬ್. "ಗುರುಲಿಂಗಪ್ಪನವರಿಗೆ ಆಟ ತಿಳೀಲಿಲ್ಲ. ಅವರು ಬೇಕಂತ ಮಾಡಿದ್ದಲ್ಲ."

"ಆ ಸಾವಕಾರ್ರ ಮ್ಯಾಲ ನನಗ ಸಿಟ್ಟಿಲ್ಲ ತಮ್ಮಾ. ಅವರೇನು ನನ್ನ ಮನಿಗಿ ಬಂದಿದ್ರಾ? ನನ್ನ ಹಾಡು ಕುಂತು ಕೇಳಿದ್ರಾ?" ಮೊರದಿಂದ ಅವಳು ಕಣ್ಣು ತೆಗೆಯಲಿಲ್ಲ. "ನೀ ಕೇಳಿದ್ದಿ. ನೀನೂ ನಕ್ಕಿ. ನಾ ನೋಡೀನಿ."

ವಹಾಬ್ ನೀರಿನ ಲೋಟ ಕೆಳಗಿಟ್ಟ. "ಇನ್ನೊಂದು ಸಲ ಹಾಡ್ರಿ. ಈ ಸಲ ಬರೇ ನಿಮ್ಮ ಮುಖಾನೇ ಇಡ್ತೀನಿ," ಎಂದ.

"ಬರಾಂಗಿಲ್ಲಪ್ಪಾ. ಬಾಯಿ ತೆರದ್ರ ಆ ನಗಿನೇ ಕೇಳಸ್ತದ."

ಹಿಂದಿರುಗಿದವನು ಹಳೆಯ ಕ್ಯಾಸೆಟ್ಟುಗಳನ್ನು ಹೊರಗೆ ತೆಗೆದ. ಹಣಮಮ್ಮನ ಹಾಡು ಚಿತ್ರಿಸಿದ ದಿನ ಬಳಸದೆ ಉಳಿದಿದ್ದ ದೃಶ್ಯಗಳಿಂದ ಮೂರನೆಯ ಭಾಗ ಕಟ್ಟಲು ಕೂತ. ಒಂದನೆಯ ಕಿಟಕಿಯಲ್ಲಿ ಅವಳ ಮುಖ, ಎರಡನೆಯದರಲ್ಲಿ ಅವಳ ಕೈ, ಮೂರನೆಯದರಲ್ಲಿ ಅವಳೇ ಪಕ್ಕದಿಂದ.

"ಮೂರೂ ಕಡಿ ಅಕಿನೇ ಇದ್ರ ಆಟ ಎಲ್ಲೈತ್ರೀ ಭಾಯಿ?" ಎಂದಳು ಸುನಂದಾ. "ಏನು ಒತ್ತಿದ್ರೂ ಒಂದೇ ಆಗ್ತದ."

"ಆಗ್ಲಿ," ಎಂದ ವಹಾಬ್. "ಯಾರು ಏನು ಒತ್ತಿದ್ರೂ ಅಕಿನೇ ಬರ್ಬೇಕು."

ಸುನಂದಾ ಕೀಲಿಮಣೆ ಎಳೆದುಕೊಂಡು ಕೂತಳು. ಅದೇ ಅವಳು ಮಾಡಿಕೊಟ್ಟ ಕೊನೆಯ ಕೆಲಸ. ಮದುವೆಯಾಗಿ ಬೀದರಿಗೆ ಹೋದಳು. ಅಂಗಡಿಗಳವರು ಮೂರನೆಯ ಭಾಗವನ್ನು ಇಟ್ಟುಕೊಳ್ಳಲೇ ಒಪ್ಪಲಿಲ್ಲ. ವಹಾಬ್ ಒಂದು ಸಿಡಿಯನ್ನು ಕಮಲಾಪುರಕ್ಕೆ ಒಯ್ದು ಕೊಟ್ಟ. ಹಣಮಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಜಗಲಿಯ ಪಕ್ಕದ ಗೂಡಿನಲ್ಲಿಟ್ಟಳು. ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಎಲ್ಲಾದರೂ ಹಾಕಿಸಿ ತೋರಿಸುತ್ತೇನೆಂದು ವಹಾಬ್ ಹೇಳಿದ. ಅವಳು ಬೇಡವೆಂದಳು.

ನಾಲ್ಕನೆಯ ಭಾಗ ಬರಲಿಲ್ಲ. ಮದುವೆಗಳಿಗೆ ಹೊಸ ಕ್ಯಾಮೆರಾದ ತರುಣರು ಬಂದರು. ವಹಾಬನ ಕಣ್ಣಿಗೆ ಪೊರೆ ಬಂತು. ಮಹಡಿಯ ಅಂಗಡಿ ಬಿಟ್ಟು, ಕೆಳಗೆ ರಸ್ತೆಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾ, ಝೆರಾಕ್ಸ್ ಮಾಡಿಕೊಡುತ್ತಾ ಕೂತ. ಬಂದವರಿಗೆ ಗದ್ದ ಮೇಲೆ ಮಾಡಿ, ನಗಬೇಡಿ ಎಂದು ಹೇಳುವುದು ಅವನ ದಿನದ ಕೆಲಸವಾಯಿತು.

ಹೋದ ವರ್ಷ ಮಳೆಗಾಲದಲ್ಲಿ ಹಣಮಮ್ಮನ ಮಗಳು ಅಂಬಿಕಾ ಅಲ್ಲಿಗೆ ಬಂದಳು. ಈಗ ಅಂಗನವಾಡಿ ಶಿಕ್ಷಕಿ, ತಲೆ ಅರ್ಧ ನೆರೆತಿತ್ತು. ತಾಯಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

"ಅವ್ವನ ದನಿ ಯಾರ ಫೋನಿನಾಗೂ ಇಲ್ಲರೀ," ಎಂದಳು. "ಹಾಡೋದು ಬಿಟ್ಟಿದ್ಲಲ್ಲ, ಯಾರು ತುಂಬಿಕೊಳ್ತಾರ? ನಿಮ್ಮ ಕಡಿ ಇರ್ಬೇಕು ಅಂತ ಬಂದೆ."

ವಹಾಬ್ ನಾಲ್ಕು ದಿನದ ಸಮಯ ಕೇಳಿದ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು, ರೀಲು ಒಂದಕ್ಕೊಂದು ಅಂಟಿತ್ತು. ಮೂರನೆಯ ಭಾಗದ ಸಿಡಿಗಳಲ್ಲಿ ಒಂದನ್ನೂ ಕಂಪ್ಯೂಟರ್ ಓದಲಿಲ್ಲ. ಅಂಬಿಕಾ ಗೂಡಿನಿಂದ ತಂದುಕೊಟ್ಟದ್ದರ ಮೇಲ್ಪದರವೇ ಸಿಪ್ಪೆ ಎದ್ದಿತ್ತು. ತೆರೆದುಕೊಂಡದ್ದು ಮೊದಲ ಭಾಗದ ಒಂದು ಸಿಡಿ ಮಾತ್ರ. ಅದರಿಂದ ಅವನು ಮೊದಲನೆಯ ಕಿಟಕಿಯ ದೃಶ್ಯವನ್ನೂ ಹಾಡನ್ನೂ ಬೇರ್ಪಡಿಸಿ ಅಂಬಿಕಾಳ ಫೋನಿಗೆ ಹಾಕಿದ.

ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡಿದಳು. ದನಿ ಸ್ಪಷ್ಟವಿತ್ತು. ಮುಖ ಮಾತ್ರ ಅಂಚೆ ಚೀಟಿಯಷ್ಟು, ಕಣ್ಣೆಲ್ಲಿ ಬಾಯೆಲ್ಲಿ ಎನ್ನುವುದು ಅಂದಾಜಿಗೆ ಸಿಗುವಷ್ಟು. ಎರಡು ಬೆರಳಿನಿಂದ ಹಿಗ್ಗಿಸಿದಳು. ಮುಖ ಒಡೆದು ಕಂದು ಚೌಕಗಳಾಯಿತು.

"ಇದನ್ನ ದೊಡ್ಡದು ಮಾಡ್ಲಿಕ್ಕಿ ಬರ್ತದೇನ್ರೀ?"

"ಇಲ್ಲಮ್ಮಾ. ಇದ್ದದ್ದೇ ಇಷ್ಟು."

ಅಂಬಿಕಾ ಹಾಡನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ಫೋನನ್ನು ಚೀಲದಲ್ಲಿಟ್ಟುಕೊಂಡು, ಕಮಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಬಾಗಿಲಲ್ಲಿ ಇಬ್ಬರು ಫೋಟೋಕ್ಕೆ ಕಾಯುತ್ತಿದ್ದರು. ವಹಾಬ್ ಕನ್ನಡಕ ಒರೆಸಿಕೊಂಡು ಅವರನ್ನು ಒಳಗೆ ಕರೆದ.